ಮುಟ್ಟಬೇಡಿ ಎಂದು ಬರೆದ ಸ್ವಿಚ್ಚು

ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಒಂದು ಗಾಜಿನ ಕಟ್ಟಡ. ಏಪ್ರಿಲ್ ತಿಂಗಳ ಮಧ್ಯಾಹ್ನ. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ, ಆರನೇ ಮಹಡಿಯ ಒಂದು ಮೂಲೆಯಲ್ಲಿ ಕೂತವರು ಶಾಲು ಹೊದ್ದು ಕೀಬೋರ್ಡ್ ಕುಟ್ಟುತ್ತಿದ್ದರು. ಅಲ್ಲಿ ಕೆಲಸ ಮಾಡುವ ನನ್ನ ಗೆಳತಿಗೆ ‘ಚಳಿ ಚಳಿ’ ಎಂದು ದೂರು ಕೊಟ್ಟು ಕೊಟ್ಟು ಸಾಕಾಗಿತ್ತು. ನಿರ್ವಹಣೆಯವರು ಬಂದರು. ಫಾಲ್ಸ್ ಸೀಲಿಂಗ್ ಬಿಚ್ಚಿ ಡಕ್ಟ್ ನೋಡಿದರು, ವಾಲ್ವ್ ನೋಡಿದರು, ಫಿಲ್ಟರ್ ನೋಡಿದರು. ಎಲ್ಲವೂ ಸರಿಯಾಗಿಯೇ ಇತ್ತು. ನಾಲ್ಕನೇ ಸಲ ಬಂದಾಗ ಒಬ್ಬರ ಕಣ್ಣಿಗೆ ಬಿತ್ತು: ಗೋಡೆಯ ಮೇಲಿದ್ದ ಅಂಗೈಯಗಲದ ಬಿಳಿ ಡಬ್ಬಿಯ ಕೆಳಗೇ ಯಾರೋ ಹೊಸ ಕಾಫಿ ಮಷೀನ್ ತಂದಿಟ್ಟಿದ್ದರು.

ಆ ಡಬ್ಬಿ ಉಷ್ಣತೆ ಅಳೆಯುವ ಸೆನ್ಸರ್. ಕಾಫಿ ಮಷೀನಿನ ಹಬೆ ನೇರ ಅದರ ಮೂತಿಗೆ ಬಡಿಯುತ್ತಿತ್ತು. ಮಹಡಿಯೆಲ್ಲ ಬೇಯುತ್ತಿದೆ ಎಂದು ಅದು ಸುದ್ದಿ ಕಳಿಸುತ್ತಿತ್ತು. ಸುದ್ದಿ ಮುಟ್ಟಿದಾಗಲೆಲ್ಲ ಇನ್ನಷ್ಟು ತಂಪು ಗಾಳಿ ಬರುತ್ತಿತ್ತು. ಕಟ್ಟಡ ತನ್ನ ಕಿವಿಗೆ ಬಿದ್ದ ಮಾತನ್ನು ನಂಬಿ ನಿಷ್ಠೆಯಿಂದ ದುಡಿದಿತ್ತು, ಅಷ್ಟೇ. ಮಷೀನನ್ನು ಆರಡಿ ಆಚೆ ಸರಿಸಿದರು. ಮರುವಾರದಿಂದ ಶಾಲುಗಳು ಮನೆಯಲ್ಲೇ ಉಳಿದವು.

ಅಷ್ಟು ದೊಡ್ಡ ಕಟ್ಟಡ ಒಂದು ಕಾಫಿ ಮಷೀನಿಗೆ ಏಮಾರಿದ್ದು ಹೇಗೆ? ಇದನ್ನು ತಿಳಿಯಲು ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕು ಸಾಕು. ಮೋಟಾರ್ ಹಾಕಿ ಮರೆತು, ಟ್ಯಾಂಕು ತುಂಬಿ ಹರಿದು, ಎದುರು ಮನೆಯವರು ‘ರೀ, ನಿಮ್ಮ ಮೋಟಾರ್ ಆಫ್ ಮಾಡ್ರೀ’ ಎಂದು ಕೂಗುವುದು ನಮ್ಮ ಬೀದಿಗಳ ಹಳೆಯ ಸದ್ದು. ಈಗ ಎಷ್ಟೋ ಮನೆಗಳಲ್ಲಿ ಎದುರು ಮನೆಯವರ ಆ ಕೆಲಸವನ್ನು ವಾಟರ್ ಲೆವೆಲ್ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ ವಹಿಸಿಕೊಂಡಿದೆ.

ಟ್ಯಾಂಕಿನೊಳಗೆ ಅದಕ್ಕೆ ಎರಡು ಗುರುತು. ನೀರು ಕೆಳಗಿನ ಗುರುತಿಗಿಂತ ಇಳಿದರೆ ಮೋಟಾರ್ ಶುರು, ಮೇಲಿನ ಗುರುತು ಮುಟ್ಟಿದರೆ ಬಂದ್. ಒಂದೇ ಗುರುತಿದ್ದರೆ ಏನಾಗುತ್ತಿತ್ತು? ಯಾರೋ ಕೈ ತೊಳೆದರೆ ಮೋಟಾರ್ ಶುರು, ಅರೆಗಳಿಗೆಯಲ್ಲಿ ಬಂದ್, ಇನ್ಯಾರೋ ನಲ್ಲಿ ತಿರುಗಿಸಿದರೆ ಮತ್ತೆ ಶುರು. ಹಾಗೆ ಶುರುವಾಗಿ ನಿಂತು, ಶುರುವಾಗಿ ನಿಂತು ಸ್ಟಾರ್ಟರ್ ಬೇಗನೆ ಸುಟ್ಟುಹೋಗುತ್ತಿತ್ತು. ಎರಡು ಗುರುತುಗಳ ನಡುವಿನ ಈ ಸುಮ್ಮನಿರುವ ಜಾಗಕ್ಕೆ ಎಂಜಿನಿಯರುಗಳು ‘ಡೆಡ್ ಬ್ಯಾಂಡ್’ ಎನ್ನುತ್ತಾರೆ. ಸಂಪಿನಲ್ಲಿ ಇನ್ನೊಂದು ಸೆನ್ಸರ್ ಇರುತ್ತದೆ. ಅಲ್ಲಿ ನೀರಿಲ್ಲದಿದ್ದರೆ ಮೇಲಿನ ಟ್ಯಾಂಕು ಎಷ್ಟೇ ಖಾಲಿಯಾಗಿದ್ದರೂ ಮೋಟಾರ್ ಓಡುವುದಿಲ್ಲ.

ಅಳೆ, ಹೋಲಿಸು, ಕೈ ಹಾಕು. ನಲವತ್ತು ಮಹಡಿಯ ಕಟ್ಟಡದ ಯಾಂತ್ರಿಕ ನಿಯಂತ್ರಣವೂ ಈ ಮೂರೇ ಕೆಲಸ. ಸಾವಿರಾರು ಕಡೆ, ಹಗಲೂ ಇರುಳೂ ನಡೆಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಆದರೆ ಒಂದು ಮಾತು ನೆನಪಿರಲಿ. ಮೇಲಿನ ಗುರುತು ಎಷ್ಟು ಎತ್ತರದಲ್ಲಿರಬೇಕು ಎಂದು ತೀರ್ಮಾನಿಸಿದ್ದು ಪೆಟ್ಟಿಗೆಯಲ್ಲ, ಪ್ಲಂಬರ್. ಅವನು ಯೋಚಿಸಿ ಇಟ್ಟುಹೋದದ್ದನ್ನು ಅದು ದಿನವೂ ಒಪ್ಪಿಸುತ್ತದೆ.

ಈ ವಿದ್ಯೆ ಕಟ್ಟಡಗಳಿಗೆ ಕಾಲಿಟ್ಟದ್ದರಲ್ಲಿ ಒಬ್ಬ ಮೇಷ್ಟರ ಕಿರಿಕಿರಿಯ ಪಾಲೂ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ ಶಿಕ್ಷಕರ ತರಬೇತಿ ಕಾಲೇಜು. ಅಲ್ಲಿ ಪಾಠ ಮಾಡುತ್ತಿದ್ದವರು ವಾರೆನ್ ಜಾನ್ಸನ್. ಚಳಿಗಾಲದಲ್ಲಿ ಜವಾನ ತರಗತಿಯಿಂದ ತರಗತಿಗೆ ಬಂದು ಥರ್ಮಾಮೀಟರ್ ನೋಡಬೇಕು, ನೆಲಮಾಳಿಗೆಗೆ ಇಳಿದು ಕುಲುಮೆಯ ಗಾಳಿಬಾಗಿಲನ್ನು ಸರಿಪಡಿಸಬೇಕು. ಪಾಠದ ನಡುವೆ ಬಾಗಿಲು ತೆರೆಯುವುದು, ಮುಚ್ಚುವುದು. 1883ರಲ್ಲಿ ಜಾನ್ಸನ್ ಒಂದು ಉಪಕರಣ ಮಾಡಿದರು. ಕೋಣೆ ತಣ್ಣಗಾದರೆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುತ್ತಿತ್ತು. ಜವಾನ ಅಲ್ಲೇ ಇದ್ದು ಕುಲುಮೆ ನೋಡಿಕೊಂಡರಾಯಿತು. 1885ರಲ್ಲಿ ಮಿಲ್ವಾಕಿಯಲ್ಲಿ ಅವರು ಶುರು ಮಾಡಿದ ಕಂಪನಿ ಇಂದು ಜಾನ್ಸನ್ ಕಂಟ್ರೋಲ್ಸ್ ಎಂಬ ಹೆಸರಿನಲ್ಲಿ ಈ ಕ್ಷೇತ್ರದ ದೊಡ್ಡ ಕಂಪನಿಗಳಲ್ಲೊಂದು. ಗಮನಿಸಿ, ಅವರ ಮೊದಲ ಯಂತ್ರ ಮನುಷ್ಯನನ್ನು ಮನೆಗೆ ಕಳಿಸಲಿಲ್ಲ. ಅಳೆಯುವ ಕೆಲಸವನ್ನು ತಾನು ತೆಗೆದುಕೊಂಡು, ಕೈ ಹಾಕುವ ಕೆಲಸವನ್ನು ಅವನಿಗೇ ಬಿಟ್ಟಿತು. ಮುಂದೆ ಒತ್ತಡದ ಗಾಳಿಯನ್ನು ಸಣ್ಣ ಕೊಳವೆಗಳಲ್ಲಿ ಹರಿಸಿ ವಾಲ್ವುಗಳನ್ನು ತಾನೇ ತಿರುಗಿಸುವ ವಿಧಾನ ಬಂತು, ಗಂಟೆ ಮೌನವಾಯಿತು.

ನೆಲಮಾಳಿಗೆ ಮಾತ್ರ ಹಾಗೇ ಉಳಿಯಿತು. ಗೆಳತಿಯ ಕಟ್ಟಡದ ‘ಮೆದುಳು’ ನೋಡಬೇಕೆಂದು ಅನುಮತಿ ಪಡೆದು ಹೋದಾಗ ನನ್ನನ್ನು ಕರೆದೊಯ್ದದ್ದು ಪಾರ್ಕಿಂಗಿಗಿಂತ ಕೆಳಗೆ, ಎರಡನೇ ಬೇಸ್‌ಮೆಂಟಿನ ಒಂದು ಕೋಣೆಗೆ. ಬಾಗಿಲ ಮೇಲೆ ‘ಬಿಎಂಎಸ್’ ಎಂಬ ಫಲಕ. ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂಬುದರ ಚುಟುಕು. ಒಳಗೆ ಎರಡು ಪರದೆ, ಒಂದು ರಿಜಿಸ್ಟರ್ ಪುಸ್ತಕ, ಮೂಲೆಯಲ್ಲಿ ಟಿಫನ್ ಡಬ್ಬಿ. ಪಾಳಿಯಲ್ಲಿದ್ದ ಆಪರೇಟರ್ ಗದಗದ ಕಡೆಯವರು. ‘ಬರ್ರಿ ಸರ್, ಕುಂದರ್ರಿ’ ಎಂದು ಇದ್ದ ಒಂದೇ ಕುರ್ಚಿಯನ್ನು ನನ್ನ ಕಡೆ ತಳ್ಳಿದರು.

ಪರದೆಯಲ್ಲಿ ಕಟ್ಟಡದ ಚಿತ್ರ. ಕೆಳಗೆ ಚಿಲ್ಲರ್, ಅದು ನೀರನ್ನು ಸುಮಾರು 7 ಡಿಗ್ರಿಗೆ ತಣಿಸಿ ಮೇಲಕ್ಕೆ ಕಳಿಸುತ್ತದೆ. ಪ್ರತಿ ಮಹಡಿಯಲ್ಲಿ ಎಎಚ್‌ಯು ಎಂಬ ಬೀರುವಿನಾಕಾರದ ಯಂತ್ರ. ತಣ್ಣೀರು ಹರಿಯುವ ಸುರುಳಿಯ ಮೇಲೆ ಫ್ಯಾನ್ ಗಾಳಿ ಊದಿ, ಆ ಗಾಳಿಯನ್ನು ಡಕ್ಟುಗಳಲ್ಲಿ ಹಂಚುತ್ತದೆ. ನಮ್ಮ ಮೈ, ಕಂಪ್ಯೂಟರು, ಬಿಸಿಲು ಬಡಿದ ಗಾಜು ಇವುಗಳ ಶಾಖವನ್ನೆಲ್ಲ ಹೊತ್ತು ನೀರು 12 ಡಿಗ್ರಿಯ ಆಸುಪಾಸಿಗೆ ಬಿಸಿಯಾಗಿ ಕೆಳಗಿಳಿಯುತ್ತದೆ. ಆ ಶಾಖ ಕೊನೆಗೆ ತಾರಸಿಯ ಕೂಲಿಂಗ್ ಟವರಿನಿಂದ ಆಕಾಶಕ್ಕೆ ಹೋಗುತ್ತದೆ. ಪಂಪು, ವಾಲ್ವು, ಫ್ಯಾನು ಒಂದೊಂದರ ಪಕ್ಕದಲ್ಲೂ ಒಂದು ಅಂಕಿ, ಒಂದು ಬಣ್ಣ.

‘ಈ ಕಂಪ್ಯೂಟರ್ ಕೆಟ್ಟರೆ?’ ಎಂದೆ.

‘ಏನೂ ಆಗಂಗಿಲ್ರಿ. ನಮಗ ಕಾಣಂಗಿಲ್ಲ, ಅಷ್ಟ.’

ಕಟ್ಟಡದ ನಿಯಂತ್ರಣ ಒಂದೇ ಮೆದುಳಿನಲ್ಲಿ ಇಲ್ಲ ಎಂದು ಆಗ ಗೊತ್ತಾಯಿತು. ಪ್ರತಿ ಎಎಚ್‌ಯು ಪಕ್ಕದಲ್ಲಿ ಡಿಡಿಸಿ ಎಂಬ ಸಣ್ಣ ಕಂಟ್ರೋಲರ್ ಇದೆ. ತನ್ನ ಮಹಡಿಯ ಸೆನ್ಸರ್ ನೋಡಿ, ತನ್ನ ವಾಲ್ವು ತಿರುಗಿಸುವುದು ಅದರ ಕೆಲಸ. ಕೆಳಗಿನ ಪರದೆ ವೇಳಾಪಟ್ಟಿ ಕೊಡುತ್ತದೆ, ವರದಿ ಕೇಳುತ್ತದೆ. ನಮ್ಮ ಕೆರೆಗಳ ನೀರುಗಂಟಿ ನೆನಪಾದ. ಯಾವ ಗದ್ದೆಗೆ ಎಷ್ಟು ಪಾಲು ಎಂದು ಊರವರು ಕೂತು ತೀರ್ಮಾನಿಸುತ್ತಿದ್ದರು; ದಿನದಿನವೂ ತೂಬು ತೆಗೆದು ಮುಚ್ಚುವವನು ನೀರುಗಂಟಿ. ಡಿಡಿಸಿ ಎಂಬುದು ಮಹಡಿಗೊಬ್ಬ ನೀರುಗಂಟಿ. ಒಂದು ವ್ಯತ್ಯಾಸ ಉಂಟು: ನೀರುಗಂಟಿ ಮೋಡ ನೋಡಿ ತೂಬು ಮುಚ್ಚಬಲ್ಲವನಾಗಿದ್ದ. ಡಿಡಿಸಿಗೆ ಸೆನ್ಸರಿನ ತಂತಿ ತಂದದ್ದಷ್ಟೇ ಲೋಕ.

ಆ ತಂತಿಯಲ್ಲೂ ಒಂದು ಜಾಣತನವಿದೆ. ಒತ್ತಡ, ಹರಿವು ಇಂಥವನ್ನು ಅಳೆಯುವ ಎಷ್ಟೋ ಸೆನ್ಸರುಗಳು ತಮ್ಮ ಅಳತೆಯನ್ನು 4ರಿಂದ 20 ಮಿಲಿ ಆಂಪಿಯರ್ ವಿದ್ಯುತ್ತಾಗಿ ಕಳಿಸುತ್ತವೆ. ಅತಿ ಕಡಿಮೆ ಅಳತೆಗೆ 4, ಅತಿ ಹೆಚ್ಚಿಗೆ 20. ಸೊನ್ನೆಯಿಂದ ಏಕೆ ಶುರು ಮಾಡಲಿಲ್ಲ? ತಂತಿ ತುಂಡಾದರೆ ಸೊನ್ನೆ ಬರುತ್ತದೆ. ‘ನೀರು ಹರಿಯುತ್ತಿಲ್ಲ’ ಎಂಬ ಸುದ್ದಿಗೂ ‘ಸುದ್ದಿ ತರುವವನೇ ಸತ್ತ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಯಂತ್ರಕ್ಕೆ ತಿಳಿಸಿಕೊಡುವ ಉಪಾಯ ಇದು. ಆದರೆ ಬದುಕಿದ್ದು, ಕಾಫಿ ಹಬೆಯಲ್ಲಿ ಮಿಂದು ತಪ್ಪು ಸುದ್ದಿ ಕೊಡುವ ಸೆನ್ಸರನ್ನು ಹಿಡಿಯಲು ಈ ಉಪಾಯ ಸಾಲದು.

ಹಿಂದೆ ಒಂದೊಂದು ಕಂಪನಿಯ ಯಂತ್ರಗಳು ಒಂದೊಂದು ಭಾಷೆ ಆಡುತ್ತಿದ್ದವು. ಚಿಲ್ಲರ್ ಒಬ್ಬರದು, ಎಎಚ್‌ಯು ಇನ್ನೊಬ್ಬರದು ಎಂದಾದರೆ ಮಾತುಕತೆಯೇ ಇಲ್ಲ. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ 1987ರಲ್ಲಿ ಸಮಿತಿ ಕೂರಿಸಿ, 1995ರಲ್ಲಿ ‘ಬ್ಯಾಕ್‌ನೆಟ್’ ಎಂಬ ಸಾಮಾನ್ಯ ಭಾಷೆಯನ್ನು ಹೊರತಂದಿತು. ಆಪರೇಟರ್ ತೋರಿಸಿದ ಪರದೆಯ ಹಿಂದೆ ಓಡುತ್ತಿದ್ದದ್ದು ಅದೇ.

ಇನ್ನು ‘ಹೋಲಿಸು’ ಎಂಬ ನಡುವಿನ ಕೆಲಸ. ಟ್ಯಾಂಕಿನ ಮೋಟಾರಿಗೆ ಶುರು, ಬಂದ್ ಎರಡೇ ಗೊತ್ತಿದ್ದರೆ ಸಾಕು. ತಣ್ಣೀರಿನ ವಾಲ್ವಿಗೆ ಎಷ್ಟು ತೆರೆಯಬೇಕು ಎಂಬುದೂ ಗೊತ್ತಿರಬೇಕು. ಹೋಟೆಲ್ ರೂಮಿನ ಗೀಸರ್ ನಲ್ಲಿ ನೆನೆಯಿರಿ. ನೀರು ತಣ್ಣಗಿದೆ ಎಂದು ಬಿಸಿ ನಲ್ಲಿ ತಿರುಗಿಸುತ್ತೀರಿ. ಬಿಸಿನೀರು ಬರಲು ಹೊತ್ತಾಗುತ್ತದೆ, ತಾಳ್ಮೆಗೆಟ್ಟು ಇನ್ನೂ ತಿರುಗಿಸುತ್ತೀರಿ. ಕುದಿಯುವ ನೀರು ಬೆನ್ನಿಗೆ ಬಿದ್ದಾಗ ಹಾರಿ, ಪೂರ್ತಿ ಹಿಂದಕ್ಕೆ. ಮತ್ತೆ ತಣ್ಣೀರು. ಯಂತ್ರಗಳೂ ಹೀಗೆ ಆಡುತ್ತವೆ. ವಾಲ್ವು ತೆರೆದು ಮುಚ್ಚಿ, ತೆರೆದು ಮುಚ್ಚಿ ಒದ್ದಾಡುವುದನ್ನು ಈ ಕಸುಬಿನವರು ‘ಹಂಟಿಂಗ್’ ಎನ್ನುತ್ತಾರೆ.

ಅದನ್ನು ತಡೆಯುವ ಲೆಕ್ಕ ಬಂದದ್ದು ಸಮುದ್ರದಿಂದ. ಹಡಗಿನ ಚುಕ್ಕಾಣಿ ಹಿಡಿದವರು ಹೇಗೆ ದಾರಿ ಸರಿಪಡಿಸಿಕೊಳ್ಳುತ್ತಾರೆ ಎಂಬುದನ್ನು ನಿಕೊಲಸ್ ಮಿನೋರ್‌ಸ್ಕಿ 1922ರಲ್ಲಿ ಗಣಿತವಾಗಿ ಬರೆದರು. ಚುಕ್ಕಾಣಿಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಗುರಿಯಿಂದ ಈಗ ಎಷ್ಟು ದೂರ ಸರಿದಿದ್ದೇನೆ? ಈ ಅಂತರ ಎಷ್ಟು ಹೊತ್ತಿನಿಂದ ಉಳಿದುಬಂದಿದೆ? ಎಷ್ಟು ವೇಗವಾಗಿ ಬದಲಾಗುತ್ತಿದೆ? ಪಿಐಡಿ ಎಂಬ ಮೂರಕ್ಷರ ಈ ಮೂರು ಪ್ರಶ್ನೆಗಳೇ. ಕಟ್ಟಡಗಳಲ್ಲಿ ಹೆಚ್ಚಾಗಿ ಮೊದಲೆರಡು ಪ್ರಶ್ನೆ ಸಾಕಾಗುತ್ತವೆ, ಏಕೆಂದರೆ ಕೋಣೆಯ ಉಷ್ಣತೆ ಏರಿಳಿಯುವುದು ನಿಧಾನ. ಪ್ರತಿ ಪ್ರಶ್ನೆಗೆ ಎಷ್ಟು ತೂಕ ಕೊಡಬೇಕು ಎಂದು ಯಂತ್ರ ಕೂಡಿಸುವ ದಿನ ತಂತ್ರಜ್ಞ ಹೊಂದಿಸಿಹೋಗುತ್ತಾನೆ. ಅವಸರದಲ್ಲಿ ಹೊಂದಿಸಿದರೆ ಆ ವಾಲ್ವಿನ ಆಯುಷ್ಯವೆಲ್ಲ ಒದ್ದಾಟ.

ಇಷ್ಟೆಲ್ಲ ಪಾಡು ಯಾಕೆ, ಫ್ಯಾನನ್ನು ಇಡೀ ದಿನ ಪೂರ್ತಿ ವೇಗದಲ್ಲಿ ಓಡಿಸಿದರಾಗದೇ? ಇಲ್ಲೊಂದು ಬೆರಗಿನ ಲೆಕ್ಕವಿದೆ. ಫ್ಯಾನಿನ ವೇಗ ತಗ್ಗಿಸಿದರೆ ಅದು ತಿನ್ನುವ ವಿದ್ಯುತ್ತು ವೇಗದ ಘನದ ಪ್ರಮಾಣದಲ್ಲಿ ಇಳಿಯುತ್ತದೆ. ವೇಗ ಶೇ 80ಕ್ಕೆ ಇಳಿದರೆ ವಿದ್ಯುತ್ತು ಹೆಚ್ಚುಕಡಿಮೆ ಅರ್ಧ. ವೇಗ ಅರ್ಧವಾದರೆ ವಿದ್ಯುತ್ತು ಲೆಕ್ಕದ ಪ್ರಕಾರ ಎಂಟನೇ ಒಂದು ಪಾಲು. ವಿಎಫ್‌ಡಿ ಎಂಬ ವೇಗ ತಗ್ಗಿಸುವ ಪೆಟ್ಟಿಗೆ ಇಂದು ಎಷ್ಟೋ ಎಎಚ್‌ಯುಗಳ ಪಕ್ಕದಲ್ಲಿ ಕೂತಿರುವುದು ಈ ಕಾರಣಕ್ಕೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮಹಡಿ ಅರ್ಧ ಖಾಲಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್ ಇದ್ದರೆ ಜನ ಕಡಿಮೆಯಾದದ್ದು ಅದಕ್ಕೆ ಗೊತ್ತಾಗುತ್ತದೆ. ಹೊರಗಿನಿಂದ ತರುವ ಗಾಳಿಯನ್ನು ಕಟ್ಟಡ ಕಡಿಮೆ ಮಾಡುತ್ತದೆ. ನಮ್ಮ ಉಸಿರೇ ಅಲ್ಲಿ ಹಾಜರಿ.

ಪರದೆಯಲ್ಲಿ ಎಲ್ಲ ಮಹಡಿಗಳಿಗೂ 22 ಡಿಗ್ರಿ ಎಂದಿತ್ತು. ‘ಇಪ್ಪತ್ತೆರಡು ಯಾರು ಹೇಳಿದ್ದು?’ ಎಂದು ಕೇಳಿದೆ.

‘ಮೊದ್ಲಿಂದ ಹಂಗ ಐತ್ರಿ ಸರ್.’

ಈ ‘ಮೊದ್ಲಿಂದ’ ಬಹಳ ದೂರದಿಂದ ಬಂದದ್ದು. ಕಚೇರಿಗಳ ಉಷ್ಣತೆಯ ಮಾನದಂಡಗಳು ನಿಂತಿರುವುದು 1960ರ ದಶಕದ ಪ್ರಯೋಗಗಳಿಂದ ಬೆಳೆದ ಒಂದು ಮಾದರಿಯ ಮೇಲೆ. ಅದರಲ್ಲಿ ಮೈಯ ಶಾಖದ ಲೆಕ್ಕಕ್ಕೆ ಹಿಡಿದದ್ದು ಸುಮಾರು 40 ವರ್ಷದ, 70 ಕಿಲೋ ತೂಕದ ಗಂಡಸನ್ನು. ಹೆಂಗಸರ ಮೈ ಹೊರಹಾಕುವ ಶಾಖ ಇದಕ್ಕಿಂತ ಕಡಿಮೆ ಎಂದೂ, ಹಾಗಾಗಿ ಅವರಿಗೆ ಕಚೇರಿ ಚಳಿಯೆನಿಸುತ್ತದೆ ಎಂದೂ 2015ರಲ್ಲಿ ಇಬ್ಬರು ಡಚ್ ಸಂಶೋಧಕರು ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ತೋರಿಸಿದರು. ಕಾಫಿ ಮಷೀನ್ ಸರಿಸಿದ ಮೇಲೂ ನನ್ನ ಗೆಳತಿಯ ಕುರ್ಚಿಯ ಮೇಲೆ ಒಂದು ತೆಳು ದುಪಟ್ಟಾ ಇದ್ದೇ ಇರುತ್ತದೆ.

ನಮ್ಮ ಹವೆಗೆ ನಮ್ಮದೇ ಲೆಕ್ಕ ಬೇಕೆಂದು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಬೇರೆ ಬೇರೆ ಹವಾಗುಣದ ಕಚೇರಿಗಳಲ್ಲಿ ಜನರನ್ನೇ ಕೇಳಿ ಒಂದು ಮಾದರಿ ಸಿದ್ಧಪಡಿಸಿದರು. ಹೊರಗಿನ ಹವೆಗೆ ಒಗ್ಗಿಕೊಂಡ ನಮಗೆ ಇನ್ನೂ ಒಂದಿಷ್ಟು ಬೆಚ್ಚಗಿದ್ದರೂ ಹಿತವೇ ಎಂಬುದು ಅದರ ಸಾರ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಅದನ್ನು ಒಳಗೊಂಡಿತು. ಎಸಿಯನ್ನು ಒಂದು ಡಿಗ್ರಿ ಮೇಲಕ್ಕೆ ಇಟ್ಟರೆ ಸುಮಾರು ಶೇ 6ರಷ್ಟು ವಿದ್ಯುತ್ತು ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ. ರೂಮ್ ಎಸಿಗಳನ್ನು ಆನ್ ಮಾಡಿದೊಡನೆ 24 ಡಿಗ್ರಿಯಿಂದ ಶುರುವಾಗಬೇಕೆಂಬ ನಿಯಮ 2020ರಲ್ಲಿ ಬಂದದ್ದೂ ಇದೇ ಯೋಚನೆಯಿಂದ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಂತೂ ಎಷ್ಟೋ ಸಂಜೆ, ಮುಂಜಾನೆಗಳಲ್ಲಿ ಹೊರಗಿನ ಗಾಳಿಯೇ ಕಚೇರಿಗೆ ಸಾಕು. ಹೊರಗೆ ತಂಪಿದ್ದಾಗ ಚಿಲ್ಲರ್ ನಿಲ್ಲಿಸಿ ಡ್ಯಾಂಪರ್ ಎಂಬ ಗಾಳಿಬಾಗಿಲು ತೆರೆ ಎಂದು ಬರೆದಿಟ್ಟರೆ ಯಂತ್ರ ಹಾಗೇ ಮಾಡುತ್ತದೆ. ಯಾರೂ ಬರೆದಿಡದಿದ್ದರೆ ಆಷಾಢದ ಗಾಳಿ ಗಾಜಿಗೆ ಬಡಿದು ವಾಪಸು ಹೋಗುತ್ತದೆ, ಒಳಗೆ ಚಿಲ್ಲರ್ ಗುಂಯ್‌ಗುಡುತ್ತದೆ.

ಚಳಿಯ ವಿಷಯದಲ್ಲಿ ತಪ್ಪಾದರೆ ಶಾಲು ಹೊದೆಯಬಹುದು. ಬೆಂಕಿಯ ವಿಷಯದಲ್ಲಿ ಆ ಅವಕಾಶವಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್‌ಗಳ ಡಕ್ಟಿನಲ್ಲಿ ಬೆಂಕಿ ಹುಟ್ಟಿತು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಜನ ಉಸಿರಿಗಾಗಿ ಗಾಜು ಒಡೆದರು, ಕೆಲವರು ಜಿಗಿದರು. ಒಂಬತ್ತು ಮಂದಿ ಸತ್ತರು. ಎತ್ತರದ ಕಟ್ಟಡಗಳಲ್ಲಿ ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ ಎಂಬ ಪಾಠವನ್ನು ಈ ಊರು ಕಲಿತದ್ದು ಹೀಗೆ.

ಆದ್ದರಿಂದ ಹೊಗೆ ಕಂಡ ಗಳಿಗೆಯಲ್ಲಿ ಕಟ್ಟಡ ತನ್ನ ನಿತ್ಯದ ಲೆಕ್ಕವನ್ನೆಲ್ಲ ಬದಿಗಿಡಬೇಕು. ಹೊಗೆಯನ್ನು ಮಹಡಿಯೆಲ್ಲ ಹಂಚದಂತೆ ಎಎಚ್‌ಯು ನಿಲ್ಲಬೇಕು, ಡಕ್ಟಿನೊಳಗಿನ ಡ್ಯಾಂಪರ್ ಮುಚ್ಚಬೇಕು. ಲಿಫ್ಟುಗಳು ನೆಲಮಹಡಿಗೆ ಇಳಿದು ಬಾಗಿಲು ತೆರೆದು ನಿಲ್ಲಬೇಕು. ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬಾಗಿಲುಗಳ ಅಯಸ್ಕಾಂತದ ಬೀಗ ತಾನೇ ಬಿಟ್ಟುಕೊಳ್ಳಬೇಕು. ಕರೆಂಟು ಹೋದರೂ ಬೀಗ ಬಿಡುವಂತೆಯೇ ಅದನ್ನು ಮಾಡಿರುತ್ತಾರೆ. ಮೆಟ್ಟಿಲ ಕೋಣೆಗೆ ದೊಡ್ಡ ಫ್ಯಾನೊಂದು ಹೊರಗಿನ ಗಾಳಿ ತುಂಬಬೇಕು, ಒಳಗೆ ಒತ್ತಡ ಹೆಚ್ಚಿದ್ದರೆ ಬಾಗಿಲು ತೆರೆದಾಗಲೂ ಹೊಗೆ ನುಗ್ಗುವುದಿಲ್ಲ. ‘ಬೆಂಕಿ ವಿಷಯದಾಗ ನಮ್ಮ ಕಂಪ್ಯೂಟರ್ ಬರೇ ನೋಡೋದ್ರಿ. ಮಾಡೋದೆಲ್ಲ ಫೈರ್ ಪ್ಯಾನೆಲ್’ ಎಂದರು ಆಪರೇಟರ್. ಇಂಥ ಕೆಲಸವನ್ನು ಪರದೆಯ ದಯೆಗೆ ಬಿಡುವುದಿಲ್ಲ. ಅದಕ್ಕೆ ಬೇರೆಯದೇ ಪ್ಯಾನೆಲ್, ಬೇರೆಯದೇ ತಂತಿ.

ಆ ತಂತಿಗಳು ಹೋಗಿ ಸೇರುವ ಫ್ಯಾನುಗಳ ಸ್ವಿಚ್ಚುಗಳನ್ನು ತೋರಿಸಲು ಅವರು ಪಕ್ಕದ ಎಲೆಕ್ಟ್ರಿಕಲ್ ರೂಮಿಗೆ ಕರೆದೊಯ್ದರು. ಸಾಲಾಗಿ ಉಕ್ಕಿನ ಪ್ಯಾನೆಲ್‌ಗಳು. ಪ್ರತಿಯೊಂದರ ಮೇಲೂ ಮೂರು ಸ್ಥಾನಗಳ ಒಂದು ಸ್ವಿಚ್ಚು: ಆಟೋ, ಆಫ್, ಮ್ಯಾನುವಲ್. ರಿಪೇರಿಯ ಹೊತ್ತಿಗೆ ಕೈಯಿಂದ ನಡೆಸಲೆಂದು ಇಟ್ಟದ್ದು. ಆಟೋದಲ್ಲಿದ್ದರೆ ಮಾತ್ರ ಕಂಟ್ರೋಲರ್ ಮಾತು ಫ್ಯಾನಿಗೆ ಮುಟ್ಟುತ್ತದೆ. ಎಲ್ಲ ಸ್ವಿಚ್ಚುಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು, ಒಂದರ ಹೊರತು. ಅದು ಆಫ್‌ನಲ್ಲಿತ್ತು. ಅದರ ಮೇಲೆ ಅಡ್ಡಲಾಗಿ ಮಾಸ್ಕಿಂಗ್ ಟೇಪು, ಟೇಪಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ಮುಟ್ಟಬೇಡಿ’. ಕೆಳಗಿನ ತಗಡಿನ ಫಲಕದಲ್ಲಿ ಯಂತ್ರದ ಹೆಸರು: ಮೆಟ್ಟಿಲ ಕೋಣೆಯ ಫ್ಯಾನ್.

‘ಇದು ನಾ ಬರೋಕ್ಕಿಂತ ಮೊದ್ಲ ಹಿಂಗ ಐತ್ರಿ. ಯಾರು ಹಚ್ಯಾರೋ ಗೊತ್ತಿಲ್ಲ’ ಎಂದರು. ದನಿ ಸಣ್ಣಗಾಗಿತ್ತು.

ಪರದೆ ಇದನ್ನು ಮುಚ್ಚಿಟ್ಟಿರಲಿಲ್ಲ. ವಾಪಸು ಹೋಗಿ ನೋಡಿದರೆ ಅಲಾರಂ ಪಟ್ಟಿಯಲ್ಲಿ ‘ಆಟೋದಲ್ಲಿಲ್ಲ’ ಎಂಬ ಕೆಂಪು ಸಾಲು ಇತ್ತು. ಅದರ ಮೇಲೆ ಕೆಳಗೆ ಇನ್ನೂ ನೂರಾರು ಕೆಂಪು ಸಾಲುಗಳು: ಫಿಲ್ಟರ್ ಕೊಳೆಯಾಗಿದೆ, ಮೀಟರ್ ಉತ್ತರಿಸುತ್ತಿಲ್ಲ, ಖಾಲಿ ಮಹಡಿಯ ಬಾಗಿಲು ತೆರೆದಿದೆ. ಎಲ್ಲವೂ ಕೂಗುವಾಗ ಯಾವುದೂ ಕೇಳಿಸುವುದಿಲ್ಲ. ವೈಟ್‌ವಾಟರಿನ ಜವಾನನಿಗೆ ಬಾರಿಸುತ್ತಿದ್ದದ್ದು ಒಂದು ಗಂಟೆ. ಬಾರಿಸಿದರೆ ಎದ್ದು ಹೋಗುತ್ತಿದ್ದ.

ಆಪರೇಟರ್ ಹಳೆಯ ರಿಜಿಸ್ಟರುಗಳನ್ನು ಬೀರುವಿನಿಂದ ತೆಗೆದರು. ಹಾಳೆ ಮಗುಚುತ್ತಾ ಹೋಗಿ ಒಂದು ಕಡೆ ಬೆರಳಿಟ್ಟರು. ಹನ್ನೊಂದು ತಿಂಗಳ ಹಿಂದಿನ ಅಗ್ನಿ ಅಣಕು ಕಾರ್ಯಾಚರಣೆಯ ದಿನ. ಫ್ಯಾನ್ ಶುರುವಾದೊಡನೆ ಒತ್ತಡ ಹೆಚ್ಚಾಗಿ ಮೆಟ್ಟಿಲ ಬಾಗಿಲುಗಳನ್ನು ತಳ್ಳಲು ಕಷ್ಟವಾಗಿತ್ತು; ಸೆಕ್ಯುರಿಟಿಯವರು ದೂರು ಕೊಟ್ಟಿದ್ದರು. ಒತ್ತಡ ಹದ ಮಾಡುವ ಡ್ಯಾಂಪರನ್ನು ಸರಿಪಡಿಸಬೇಕಿತ್ತು. ಅದರ ಬದಲು ಒಂದು ಸಾಲು ಬರೆದಿದ್ದರು: ‘ಬಾಗಿಲು ಬಿಗಿ, ತಾತ್ಕಾಲಿಕವಾಗಿ ಆಫ್.’ ಸಹಿ ಗುರುತಾಗುವಂತಿರಲಿಲ್ಲ. ತಪ್ಪು ಮಾಡಿದ್ದು ಕಂಪ್ಯೂಟರಲ್ಲ, ಸೆನ್ಸರಲ್ಲ. ಯಾರೋ ಒಂದು ಮಧ್ಯಾಹ್ನದ ಮಟ್ಟಿಗೆ ತೆಗೆದುಕೊಂಡ ತೀರ್ಮಾನವನ್ನು ಕಟ್ಟಡ ಹನ್ನೊಂದು ತಿಂಗಳು ಕಣ್ಣುಮುಚ್ಚಿ ಪಾಲಿಸಿತ್ತು. ಪ್ಲಂಬರಿನ ಗುರುತು, 22 ಡಿಗ್ರಿ, ಈ ಟೇಪು, ಮೂರೂ ಒಂದೇ ಜಾತಿಯವು.

ಅವರು ಮೇಲಿನವರಿಗೆ ಫೋನ್ ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಸೂಪರ್‌ವೈಸರ್ ಬಂದರು, ಒಬ್ಬರು ಮೆಟ್ಟಿಲ ಕೋಣೆಗೆ ಹೋಗಿ ನಿಂತರು. ಆಪರೇಟರ್ ಉಗುರಿನಿಂದ ಟೇಪು ಕಿತ್ತರು. ಅದರ ಅಂಟು ಒಣಗಿ ಉಕ್ಕಿನ ಮೇಲೆ ಹಳದಿ ಕಲೆ ಉಳಿದಿತ್ತು. ಸ್ವಿಚ್ಚನ್ನು ಆಟೋಗೆ ತಿರುಗಿಸಿದಾಗ ಚಟ್ ಎಂದು ಸಣ್ಣ ಸದ್ದು. ಫೈರ್ ಪ್ಯಾನೆಲ್‌ನಿಂದ ಪರೀಕ್ಷೆಯ ಆಜ್ಞೆ ಕೊಟ್ಟರು. ಎಲ್ಲೋ ಮೇಲೆ ಫ್ಯಾನ್ ಗುಡುಗಿತು. ‘ಬಾಗಿಲು ಇನ್ನೂ ಬಿಗಿ ಇದೆ, ಆದ್ರೆ ತೆರೆಯತ್ತೆ’ ಎಂದು ವಾಕಿಟಾಕಿಯಲ್ಲಿ ಸುದ್ದಿ ಬಂತು. ನಾಳೆಯೇ ಡ್ಯಾಂಪರ್ ಸರಿಮಾಡಿಸುವುದೆಂದು ಮಾತಾಯಿತು.

ಆಮೇಲೆ ಅವರು ಪೆನ್ನು ಹಿಡಿದು ಕೂತರು. ದಿನಾಂಕ, ಸಮಯ, ಏನು ಮಾಡಿದ್ದು, ಏಕೆ ಮಾಡಿದ್ದು, ಯಾರು ಹೇಳಿದ್ದು, ಡ್ಯಾಂಪರಿನದು ಬಾಕಿ. ಕೊನೆಗೆ ಪೂರ್ತಿ ಹೆಸರು, ಓದಲು ಬರುವ ಹಾಗೆ ಬಿಡಿಸಿ ಬಿಡಿಸಿ.